ದುಡಿಯುವ ನಾರು, ಮೆರೆಯುವ ನೇಯ್ಗೆ

ಕಳೆದ ರಾಜ್ಯೋತ್ಸವ ಸಮಾರಂಭಕ್ಕಾಗಿ ದುಡಿದ ಸ್ವಯಂಸೇವಕರಿಗೆ ಸ್ಮರಣಿಕೆಯೊಂದನ್ನು ಕೊಡಬೇಕೆಂದು ನಮ್ಮ ಸಂಘದ ಸಮಿತಿಯಲ್ಲಿ ತೀರ್ಮಾನವಾಯಿತು. ಗಂಧದ ಹಾರ, ಶಾಲು, ಚನ್ನಪಟ್ಟಣದ ಬೊಂಬೆ ಇವೆಲ್ಲ ಹಳೆಯದಾದವೆಂದು ಬಗೆದ ನಾವು, ಈ ಸಲ ಹೊಸ ಕಾಲಕ್ಕೆ ಒಪ್ಪುವ ವಸ್ತುವನ್ನೇ ಕೊಡೋಣವೆಂದು 'ಕಾರ್ಬನ್ ಫೈಬರ್' ಎಂಬ ಹಣೆಪಟ್ಟಿ ಹೊತ್ತ ಕಪ್ಪು ಕಾರ್ಡ್ ಹೋಲ್ಡರುಗಳನ್ನು ಆರಿಸಿದೆವು. ವೇದಿಕೆಯ ಮೇಲೆ ಅವು ಮಿರುಗಿದವು. ಪಡೆದವರು ಬೆರಳಿನಿಂದ ಸವರಿ ಮೆಚ್ಚಿದರು. ಸಂಕ್ರಾಂತಿಯ ಹೊತ್ತಿಗೆ ಒಂದೆರಡರ ಅಂಚು ಎದ್ದಿತು. ಯುಗಾದಿಯ ಊಟಕ್ಕೆ ಸೇರಿದಾಗ, ಸದಸ್ಯರೊಬ್ಬರು ತಮ್ಮದನ್ನು ನಗುತ್ತ ಮುಂದಿಟ್ಟರು. ಕಪ್ಪು ನೇಯ್ಗೆಯಂತೆ ಕಾಣುತ್ತಿದ್ದುದು ಮುದ್ರಿಸಿದ ತೆಳುಹಾಳೆ. ಅದರಡಿಯಲ್ಲಿದ್ದುದು ಬೂದುಬಣ್ಣದ ಸಾಧಾರಣ ಪ್ಲಾಸ್ಟಿಕ್.

ಮಾರಿದವರನ್ನು ದೂರುವುದು ಸುಲಭ. ಆದರೆ ಅಂದು ಮನೆಗೆ ಮರಳಿದ ಮೇಲೆ ನಮ್ಮನ್ನು ಕಾಡಿದ ಪ್ರಶ್ನೆ ಬೇರೆಯೇ ಆಗಿತ್ತು. ಅದು ಅಸಲಿಯೇ ಆಗಿದ್ದಿದ್ದರೂ ನಾಲ್ಕು ಬ್ಯಾಂಕ್ ಕಾರ್ಡುಗಳನ್ನು ಹಿಡಿದಿಡಲು ವಿಮಾನದ ರೆಕ್ಕೆ ಕಟ್ಟುವ ವಸ್ತು ಏಕೆ ಬೇಕಿತ್ತು? ಸುತ್ತ ನೋಡಿದರೆ ಈ ಪ್ರಶ್ನೆ ಕಾರ್ಡ್ ಹೋಲ್ಡರಿಗೆ ಮಾತ್ರ ಸಲ್ಲುವುದಿಲ್ಲ. ಪೆನ್ನು, ಉಂಗುರ, ಬೆಲ್ಟಿನ ಬಕಲ್, ಕೈಗಡಿಯಾರ, ಕೀಲಿಗೊಂಚಲು, ಕಾರಿನ ಡ್ಯಾಶ್‌ಬೋರ್ಡು, ಕಡೆಗೆ ಶೌಚಾಲಯದ ಆಸನದವರೆಗೂ ಈ ಕಪ್ಪು ಚೌಕಳಿ ಹರಡಿಕೊಂಡಿದೆ. ಒಂದು ವಸ್ತುವಿನ ಗುಣವನ್ನು ಅರಿಯದೆ ಅದರ ಹೆಸರಿಗೆ ಮಾರುಹೋಗುವ ಈ ಚಪಲವನ್ನು ಕುರಿತು, ನಾವೂ ಅದಕ್ಕೆ ಬಲಿಯಾದವರೆಂಬ ಸಂಕೋಚದೊಂದಿಗೇ, ಎರಡು ಮಾತು ಹೇಳಬಯಸುತ್ತೇವೆ.

ಮೊದಲಿಗೆ, ಈ ವಸ್ತುವಾದರೂ ಏನು? ಹೆಸರೇ ಹೇಳುವಂತೆ ಅದು ಇಂಗಾಲದ ನಾರು. ಪಾಲಿಅಕ್ರಿಲೋನೈಟ್ರೈಲ್ ಎಂಬ ಕೃತಕ ನೂಲನ್ನು ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿಯ ನಡುವೆ ಹದಗೊಳಿಸುತ್ತಾರೆ. ಬಳಿಕ ಆಮ್ಲಜನಕ ಸೋಕದ ಕುಲುಮೆಯಲ್ಲಿ, ಎಳೆದು ಬಿಗಿಹಿಡಿದು, 1000 ಡಿಗ್ರಿಗೂ ಮೀರಿದ ಶಾಖಕ್ಕೆ ಒಡ್ಡುತ್ತಾರೆ. ಇಂಗಾಲದ ಹೊರತು ಉಳಿದುದೆಲ್ಲ ಬಹುಮಟ್ಟಿಗೆ ಹೊರಟುಹೋಗುತ್ತದೆ. ಎರಡು ಕಿಲೋ ನೂಲು ಹಾಕಿದರೆ ಸುಮಾರು ಒಂದು ಕಿಲೋ ನಾರು ದಕ್ಕುತ್ತದೆ. ಉಳಿಯುವ ಎಳೆಯ ದಪ್ಪ 5ರಿಂದ 10 ಮೈಕ್ರೋಮೀಟರ್, ಎಂದರೆ ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು. ಇಂತಹ ಸಾವಿರಾರು ಎಳೆಗಳನ್ನು ಒಟ್ಟುಗೂಡಿಸಿ, ಬೇಕಾದ ದಿಕ್ಕಿಗೆ ಹಾಸಿ, ಎಪಾಕ್ಸಿ ರಾಳದಲ್ಲಿ ನೆನೆಸಿ ಗಟ್ಟಿಗೊಳಿಸಿದಾಗ ನಾವು ವಾಡಿಕೆಯಲ್ಲಿ 'ಕಾರ್ಬನ್ ಫೈಬರ್' ಎಂದು ಕರೆಯುವ ಸಮ್ಮಿಶ್ರ ವಸ್ತು ಸಿದ್ಧವಾಗುತ್ತದೆ. ತತ್ತ್ವ ನಮಗೆ ಹೊಸದಲ್ಲ. ಹಳ್ಳಿಯಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಕಲಸಿ ತುಳಿಯುತ್ತಿದ್ದುದೂ ಇದೇ ಕಾರಣಕ್ಕೆ: ಮಣ್ಣು ಆಕಾರ ಹಿಡಿಯುತ್ತದೆ, ಹುಲ್ಲು ಬಿರುಕನ್ನು ತಡೆಯುತ್ತದೆ.

ಹೀಗೆ ಸಿದ್ಧವಾದ ವಸ್ತುವಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ. ಅಲ್ಯೂಮಿನಿಯಂ 2.7, ಉಕ್ಕು 7.8. ಆದರೂ ತೂಕಕ್ಕೆ ತೂಕವಿಟ್ಟು ಹೋಲಿಸಿದರೆ ನಾರಿನ ದಿಕ್ಕಿನಲ್ಲಿ ಎಳೆತವನ್ನು ತಾಳುವ ಬಲದಲ್ಲಿ ಅದು ಉಕ್ಕನ್ನು ಬಹುದೂರ ಹಿಂದಿಕ್ಕುತ್ತದೆ. ಇಲ್ಲಿ 'ನಾರಿನ ದಿಕ್ಕಿನಲ್ಲಿ' ಎಂಬ ಮಾತನ್ನು ಓದುಗರು ಗಮನಿಸಬೇಕು. ಉಕ್ಕು ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬಲ ತೋರುತ್ತದೆ, ಇದು ಹಾಗಲ್ಲ. ಸೌದೆಯನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟವೆಂಬುದು ನಮ್ಮ ಹಿರಿಯರಿಗೆಲ್ಲ ತಿಳಿದಿತ್ತು. ಕಾರ್ಬನ್ ಫೈಬರಿನ ಸ್ವಭಾವವೂ ಅಂತಹುದೇ. ಯಾವ ಕಡೆಯಿಂದ ಎಷ್ಟು ಭಾರ ಬೀಳುವುದೆಂದು ಮೊದಲೇ ಲೆಕ್ಕಹಾಕಿ ಎಳೆಗಳನ್ನು ಹಾಸಿದರೆ ಮಾತ್ರ ಅದು ಅದ್ಭುತ ವಸ್ತು. ಆ ಲೆಕ್ಕವಿಲ್ಲದಿದ್ದರೆ ಅದು ದುಬಾರಿಯಾದ ಕಪ್ಪು ಪ್ಲಾಸ್ಟಿಕ್.

ಈ ವಸ್ತುವಿನ ಚರಿತ್ರೆಯ ದೊಡ್ಡ ಭಾಗ ನಾವು ನೆಲೆಸಿರುವ ಈ ಬ್ರಿಟನ್ನಿನಲ್ಲೇ ನಡೆದಿದೆ. 1879ರಲ್ಲಿ ನ್ಯೂಕಾಸಲಿನ ಜೋಸೆಫ್ ಸ್ವಾನ್ ವಿದ್ಯುದ್ದೀಪದಲ್ಲಿ ಉರಿಸಿ ತೋರಿಸಿದ್ದು ಇಂಗಾಲದ ಎಳೆಯನ್ನೇ. ಅದು ಬೆಳಕಿಗಾಗಿ ಇತ್ತು, ಬಲಕ್ಕಾಗಿ ಅಲ್ಲ. 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಅಸಾಧಾರಣ ಬಲವುಳ್ಳ ಇಂಗಾಲದ ಎಳೆಗಳನ್ನು ಕಂಡರು. 1960ರ ದಶಕದ ಆರಂಭದಲ್ಲಿ ಜಪಾನಿನ ಅಕಿಯೊ ಶಿಂಡೊ ಪಾಲಿಅಕ್ರಿಲೋನೈಟ್ರೈಲ್ ನೂಲಿನ ದಾರಿ ತೋರಿದರು. ಅದೇ ದಶಕದಲ್ಲಿ ಹ್ಯಾಂಪ್‌ಷೈರಿನ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ವಿಜ್ಞಾನಿಗಳು ನೂಲನ್ನು ಬಿಗಿಹಿಡಿದು ಕಾಯಿಸುವ ವಿಧಾನವನ್ನು ಪಕ್ವಗೊಳಿಸಿದರು.

ಆಮೇಲೆ ನಡೆದುದು ಅವಸರದ ಪಾಠ. ಡಾರ್ಬಿಯ ರೋಲ್ಸ್ ರಾಯ್ಸ್ ಸಂಸ್ಥೆ ತನ್ನ ಆರ್‌ಬಿ211 ಎಂಜಿನ್ನಿನ ಮುಂಭಾಗದ ಫ್ಯಾನಿನ ಅಲಗುಗಳನ್ನು ಈ ಹೊಸ ನಾರಿನಿಂದಲೇ ಮಾಡಹೊರಟಿತು. ಹಾರಾಟದಲ್ಲಿ ಹಕ್ಕಿ ಬಡಿದರೆ ಏನಾಗುವುದೆಂದು ಪರೀಕ್ಷಿಸಿದಾಗ ಅಲಗುಗಳು ತಾಳಲಿಲ್ಲ. ಟೈಟಾನಿಯಂ ಅಲಗುಗಳಿಗೆ ಮರಳಬೇಕಾಯಿತು. ವೆಚ್ಚ ಏರಿತು, 1971ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿಯಾಗಿ ಸರ್ಕಾರದ ಪಾಲಾಯಿತು. ಪತನಕ್ಕೆ ಅಲಗೊಂದೇ ಕಾರಣವಾಗಿರಲಿಲ್ಲ, ಆದರೆ ಅದೂ ಒಂದು ಕಾರಣ. ಎಳೆತಕ್ಕೆ ಬಗ್ಗದ ವಸ್ತು ಬಡಿತಕ್ಕೆ ಸೀಳಬಹುದೆಂಬ ಸತ್ಯವನ್ನು ಆ ದಿನಗಳು ದುಬಾರಿ ಬೆಲೆ ತೆತ್ತು ಕಲಿಸಿದವು. 1990ರ ದಶಕದಲ್ಲಿ ಇದೇ ನಾರಿನ ಅಲಗುಗಳು ಜಿಇ90 ಎಂಬ ಅಮೆರಿಕನ್ ಎಂಜಿನ್ನಿನಲ್ಲಿ ಯಶಸ್ವಿಯಾದವು. ಆದರೆ ಬಡಿತ ಬೀಳುವ ಮುಂದಂಚಿಗೆ ಟೈಟಾನಿಯಂ ಕವಚ ತೊಟ್ಟು.

ಯೋಗ್ಯ ಜಾಗ ದೊರೆತಾಗ ಈ ನಾರು ಮನುಷ್ಯರ ಪ್ರಾಣವನ್ನೇ ಉಳಿಸಿದೆ. 1981ರಲ್ಲಿ ವಿನ್ಯಾಸಕಾರ ಜಾನ್ ಬರ್ನಾರ್ಡ್ ಅವರ ಯೋಜನೆಯಂತೆ ಮೆಕ್‌ಲಾರೆನ್ ತಂಡ ಕಾರ್ಬನ್ ಫೈಬರಿನ ಕಾಯವುಳ್ಳ ಫಾರ್ಮುಲಾ ಒನ್ ಕಾರನ್ನು ಓಟಕ್ಕೆ ಇಳಿಸಿತು. ಅಪಘಾತದಲ್ಲಿ ಅದು ಪುಡಿಪುಡಿಯಾದೀತೆಂದು ಶಂಕಿಸಿದವರಿದ್ದರು. ಅದೇ ವರ್ಷ ಮೊಂಜಾದಲ್ಲಿ ಚಾಲಕ ಜಾನ್ ವಾಟ್ಸನ್ ಅವರ ಕಾರು ತಡೆಗೋಡೆಗೆ ಅಪ್ಪಳಿಸಿ ಹಿಂಭಾಗವೇ ಕಿತ್ತುಹೋದರೂ, ಚಾಲಕ ಕುಳಿತಿದ್ದ ಭಾಗ ಉಳಿಯಿತು. ಅವರು ನಡೆದುಕೊಂಡೇ ಹೊರಬಂದರು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದುದು ಲೋಟಸ್ ಸಂಸ್ಥೆಯ ಕಾರ್ಬನ್ ಫೈಬರ್ ಸೈಕಲ್ಲಿನ ಮೇಲೆ. 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಜಾನಿ ಪೀಕಾಕ್ ಕಾರ್ಬನ್ ಫೈಬರಿನ ಓಟದ ಅಲಗನ್ನು ಕಾಲಿಗೆ ತೊಟ್ಟು 100 ಮೀಟರ್ ಗೆದ್ದಾಗ, ಈ ವಸ್ತು ಯಾವುದಕ್ಕಾಗಿ ಹುಟ್ಟಿತೆಂಬುದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿರಲಿಲ್ಲ.

ನಮ್ಮಲ್ಲನೇಕರು ತಾಯ್ನಾಡಿಗೆ ಹೋಗುವಾಗ ಏರುವ ಬೋಯಿಂಗ್ 787 ವಿಮಾನದ ತೂಕದ ಅರ್ಧದಷ್ಟು ಇಂತಹ ಸಮ್ಮಿಶ್ರ ವಸ್ತುವೇ. ಲೋಹದಂತೆ ಅದರ ಮೈ ತುಕ್ಕಿಗೆ ಅಂಜದು. ಆದಕಾರಣ ಒಳಗಿನ ಗಾಳಿಯಲ್ಲಿ ಹೆಚ್ಚು ತೇವವನ್ನೂ ಹೆಚ್ಚು ಒತ್ತಡವನ್ನೂ ಇರಿಸಲು ಸಾಧ್ಯ. ಹತ್ತು ಗಂಟೆಯ ಹಾರಾಟದ ಬಳಿಕ ಗಂಟಲು ಅಷ್ಟಾಗಿ ಒಣಗದಿರುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 2001ರ ಜನವರಿ 4ರಂದು ಬೆಂಗಳೂರಿನ ಆಗಸದಲ್ಲಿ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡಾ 45ರಷ್ಟು ಸಮ್ಮಿಶ್ರ ವಸ್ತು. ನಗರದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸಿನ ವಿಜ್ಞಾನಿಗಳು ಅದರ ಹಿಂದೆ ವರ್ಷಗಟ್ಟಲೆ ದುಡಿದಿದ್ದಾರೆ.

ಇಲ್ಲೊಂದು ಸ್ವಾರಸ್ಯವಿದೆ. ಈ ವಿಮಾನಗಳನ್ನು ಕಣ್ಣಾರೆ ನೋಡಿದವರಾರೂ ಅವುಗಳ ಮೈಮೇಲೆ ಆ ಪ್ರಸಿದ್ಧ ಕಪ್ಪು ಚೌಕಳಿಯನ್ನು ಕಂಡಿರಲಾರರು. ಬಿಸಿಲಿನ ನೇರಳಾತೀತ ಕಿರಣಗಳಿಗೆ ರಾಳ ಕೆಡುವುದರಿಂದ ಅದರ ಮೇಲೆ ಬಣ್ಣ ಬಳಿದಿರುತ್ತಾರೆ. ಮೇಲಾಗಿ, ಭಾರ ಹೊರುವ ಭಾಗಗಳಲ್ಲಿ ಎಳೆಗಳನ್ನು ಬಹುಮಟ್ಟಿಗೆ ನೇರವಾಗಿ, ಪದರ ಪದರವಾಗಿ ಹಾಸಿರುತ್ತಾರೆಯೇ ವಿನಾ ಬಟ್ಟೆಯಂತೆ ನೇಯುವುದು ಕಡಿಮೆ. ನೇಯ್ದರೆ ಎಳೆ ಮೇಲೆ ಕೆಳಗೆ ಬಾಗುತ್ತದೆ. ಬಾಗಿದಷ್ಟೂ ಬಲ ಕುಂದುತ್ತದೆ. ಎಂದರೆ, ನಾವು ಬಲದ ಗುರುತೆಂದು ಹಣ ತೆತ್ತು ಕೊಳ್ಳುವ ಚೌಕಳಿ ನಿಜಕ್ಕೂ ಬಲದ ಗುರುತಲ್ಲ, ಅಲಂಕಾರದ ಗುರುತು. ನಿಜವಾಗಿ ದುಡಿಯುವ ನಾರು ಬಣ್ಣದಡಿಯಲ್ಲಿ ಮರೆಯಾಗಿರುತ್ತದೆ. ಮೆರೆಯುವ ನಾರು ಹೆಚ್ಚಾಗಿ ದುಡಿಯುತ್ತಿರುವುದಿಲ್ಲ.

ಇನ್ನು ದಿನಬಳಕೆಯ ವಸ್ತುಗಳನ್ನು ನೋಡೋಣ. ಮೊಬೈಲ್ ಫೋನಿನ ಕವಚವನ್ನೇ ತೆಗೆದುಕೊಳ್ಳಿ. ಇಂಗಾಲದ ನಾರು ವಿದ್ಯುದ್ವಾಹಕ. ಆದಕಾರಣ ಅದರಿಂದ ಫೋನನ್ನು ಸುತ್ತುವುದೆಂದರೆ ರೇಡಿಯೊ ಸಂಕೇತಗಳಿಗೂ ತಂತಿಯಿಲ್ಲದ ಚಾರ್ಜಿಂಗಿಗೂ ತಡೆಯೊಡ್ಡಿದಂತೆ. ಇದನ್ನರಿತ ತಯಾರಕರು ಅನೇಕ ವೇಳೆ ಅರಾಮಿಡ್ ಎಂಬ ಬೇರೊಂದು ನಾರನ್ನು ಅದೇ ಚೌಕಳಿಯಲ್ಲಿ ನೇಯ್ದು ಕಪ್ಪಾಗಿ ಮಾಡಿ ಮಾರುತ್ತಾರೆ. ಕೊಳ್ಳುವವನಿಗೆ ಬೇಕಾದುದು ಹೆಸರು. ಫೋನಿಗೆ ಬೇಕಾದುದು ಆ ಹೆಸರಿನ ವಸ್ತು ಅಲ್ಲಿ ಇಲ್ಲದಿರುವುದು! ಪೆನ್ನಿನ ಮಾತೂ ಅಷ್ಟೇ. ಬರೆಯುವ ಕೈಗೆ ಉಕ್ಕಿನ ಬಲವೂ ಬೇಡ, ರೆಕ್ಕೆಯ ಹಗುರವೂ ಬೇಡ. ಅಕ್ಷರ ದುಂಡಗಾಗಲು ಅಭ್ಯಾಸ ಬೇಕು. ಹಗುರವಾದ ಪರ್ಸಿನ ವಿಷಯದಲ್ಲಂತೂ ಜಾಹೀರಾತು ಅಕ್ಷರಶಃ ಸತ್ಯ: ಕೊಂಡ ಕ್ಷಣದಲ್ಲೇ ಅದು ಹಗುರವಾಗಿಬಿಡುತ್ತದೆ.

ಹಗುರವೇ ಎಲ್ಲ ಕಡೆಯೂ ಗುಣವೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲದು. ನಮ್ಮ ಅಜ್ಜಿಯರ ಒನಕೆ ಹಗುರವಾಗಿದ್ದರೆ ಭತ್ತ ಕುಟ್ಟುವುದು ಸಾಧ್ಯವಿತ್ತೇ? ರುಬ್ಬುವ ಗುಂಡುಕಲ್ಲಿನ ಕೆಲಸವನ್ನೆಲ್ಲ ಅದರ ತೂಕವೇ ಮಾಡುತ್ತಿತ್ತು. ದಪ್ಪನೆಯ ಕಬ್ಬಿಣದ ಕಾವಲಿ ಶಾಖವನ್ನು ಹಿಡಿದಿಡುವುದರಿಂದಲೇ ತಣ್ಣನೆಯ ಹಿಟ್ಟು ಹುಯ್ದಾಗಲೂ ದೋಸೆ ಗರಿಗರಿಯಾಗಿ ಏಳುತ್ತದೆ. ಆ ಮಂದಿ ವಸ್ತುವಿಜ್ಞಾನ ಓದಿದವರಲ್ಲ. ಆದರೆ ಯಾವ ಕೆಲಸಕ್ಕೆ ಯಾವ ಮರ, ಯಾವ ಲೋಹ, ಯಾವ ಕಲ್ಲು ಎಂಬ ವಿವೇಕ ಅವರ ಕೈಗಳಲ್ಲಿತ್ತು. ನಮ್ಮ ಕಾವ್ಯಮೀಮಾಂಸಕರು ಇದಕ್ಕೆ ಔಚಿತ್ಯವೆಂಬ ಹೆಸರಿಟ್ಟರು. ಕ್ಷೇಮೇಂದ್ರನಂತಹವನು ಅದನ್ನೇ ಕಾವ್ಯದ ಜೀವವೆಂದು ಬಗೆದ. ಸೊಂಟದ ಡಾಬು ಎಷ್ಟೇ ಬೆಲೆಯುಳ್ಳದ್ದಾದರೂ ಕೊರಳಿಗೆ ತೊಟ್ಟರೆ ನಗೆಪಾಟಲೇ.

ನಗೆಪಾಟಲಿಗೆ ಮುಗಿದರೆ ಚಿಂತೆಯಿರಲಿಲ್ಲ. ಔಚಿತ್ಯ ತಪ್ಪಿದಾಗ ಜೀವಕ್ಕೂ ಅಪಾಯವುಂಟು. 2023ರ ಜೂನ್ 18ರಂದು, ಸುಮಾರು 3800 ಮೀಟರ್ ಆಳದಲ್ಲಿರುವ ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದ ಟೈಟನ್ ಎಂಬ ನೌಕೆ ನೀರಿನ ಒತ್ತಡಕ್ಕೆ ಒಳಕುಸಿದು, ಅದರೊಳಗಿದ್ದ ಐವರೂ ಸತ್ತರು. ಅದರ ಕೊಳವೆಯಾಕಾರದ ಒಡಲು ಕಾರ್ಬನ್ ಫೈಬರಿನದಾಗಿತ್ತು. ಹಗ್ಗವನ್ನು ಎಳೆಯಬಹುದು, ತಳ್ಳಲಾಗದು ಎಂಬುದು ನಮಗೆಲ್ಲ ಗೊತ್ತು. ನಾರಿನ ಹಿರಿಮೆ ಇರುವುದು ಎಳೆತದಲ್ಲಿ. ಸಮುದ್ರದ ತಳ ಒಡ್ಡುವುದು ಎಲ್ಲ ಕಡೆಯಿಂದಲೂ ಒತ್ತಡವನ್ನು. ಅದರ ಮೇಲೆ ಪ್ರತಿ ಇಳಿತವೂ ಪದರಗಳ ನಡುವೆ ಕಾಣದ ಬಿರುಕುಗಳನ್ನು ಬೆಳೆಸಬಹುದು.

ಈ ಕಾಣದ ಬಿರುಕಿನ ಮಾತು ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ಸಂಬಳದಿಂದ ಕಂತು ಕಡಿತವಾಗುವ 'ಸೈಕಲ್ ಟು ವರ್ಕ್' ಯೋಜನೆಯಲ್ಲಿ ನಮ್ಮ ಸದಸ್ಯರು ಹಲವರು ಕಾರ್ಬನ್ ಫೈಬರಿನ ಸೈಕಲ್ಲುಗಳನ್ನು ಕೊಂಡಿದ್ದಾರೆ. ಅವೇ ಮುಂದೆ ಕೈಬದಲಾಗಿ ಹದಿಹರೆಯದ ಮಕ್ಕಳ ಪಾಲಾಗುತ್ತವೆ. ಉಕ್ಕಿನ ಚೌಕಟ್ಟು ಏಟು ತಿಂದರೆ ನೆಗ್ಗುತ್ತದೆ, ಬಾಗುತ್ತದೆ, ಮುರಿಯುವ ಮೊದಲು ಎಚ್ಚರಿಕೆ ಕೊಡುತ್ತದೆ. ಕಾರ್ಬನ್ ಫೈಬರ್ ಮೇಲೆ ಸಣ್ಣ ಗೀರಷ್ಟೇ ತೋರಿ, ಒಳಗೆ ಪದರ ಬಿಟ್ಟುಕೊಂಡು, ಒಂದು ದಿನ ಇಳಿಜಾರಿನಲ್ಲಿ ಥಟ್ಟನೆ ಮುರಿಯಬಹುದು. ಬಿದ್ದ ಇತಿಹಾಸ ತಿಳಿಯದ ಹಳೆಯ ಕಾರ್ಬನ್ ಸೈಕಲ್ಲನ್ನು ಮಕ್ಕಳಿಗೆ ಕೊಡುವ ಮೊದಲು ಬಲ್ಲವರಿಂದ ಪರೀಕ್ಷಿಸಿರಿ. ಬೋಲ್ಟುಗಳನ್ನು ಕೈಯಳತೆಯಲ್ಲಿ ಬಿಗಿಯದೆ, ಸೂಚಿಸಿದ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರಷ್ಟೆ. ಉಪ್ಪುನೀರು ಸೋಕಿದಾಗ, ಕಾರ್ಬನ್ನಿಗೆ ತಾಗಿಕೊಂಡಿರುವ ಅಲ್ಯೂಮಿನಿಯಂ ಭಾಗ ಬೇಗ ಕೊರೆದುಹೋಗುತ್ತದೆ, ಸೀಟಿನ ಕಂಬ ಚೌಕಟ್ಟಿನೊಳಗೇ ಕಚ್ಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಒರೆಸಿಡುವುದು ಒಳ್ಳೆಯದು. ಪೇಟೆಯಿಂದ ಹಾಲು ತರಲಷ್ಟೇ ಸೈಕಲ್ ತುಳಿಯುವವರಿಗೆ ಅಲ್ಯೂಮಿನಿಯಂ ಸೈಕಲ್ಲು ಧಾರಾಳ ಸಾಕು.

ಇನ್ನೊಂದು ಲೆಕ್ಕ ಭೂಮಿಯದು. ಈ ನಾರನ್ನು ಕಾಯಿಸಲು ಕಿಲೋ ಒಂದಕ್ಕೆ ಉಕ್ಕಿಗಿಂತ ಹಲವು ಪಟ್ಟು ಶಕ್ತಿ ವ್ಯಯವಾಗುತ್ತದೆ. ವಿಮಾನದಲ್ಲಿ ಆ ಸಾಲ ತೀರುತ್ತದೆ. ತೂಕ ಇಳಿದಂತೆ ವರ್ಷಗಟ್ಟಲೆ ಇಂಧನ ಉಳಿಯುತ್ತದೆ. ಕೀಲಿಗೊಂಚಲು ಯಾವ ಇಂಧನವನ್ನು ಉಳಿಸೀತು? ಬಳಸಿ ಬಿಸುಟ ಮೇಲೂ ತೊಡಕು ತಪ್ಪದು. ಅಲ್ಯೂಮಿನಿಯಮ್ಮನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಶಾಖದಿಂದ ರಾಳವನ್ನು ಸುಟ್ಟು ನಾರನ್ನು ಮರಳಿ ಪಡೆಯುವ ವಿಧಾನಗಳಿದ್ದರೂ, ದೊರೆಯುವುದು ಬಹುತೇಕ ತುಂಡು ನಾರು. ಮನೆಯ ಮುಂದಿನ ಮರುಬಳಕೆಯ ತೊಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ.

ಹಾಗಾದರೆ ಇದನ್ನು ದೂರವಿಡಬೇಕೇ? ಸರ್ವಥಾ ಅಲ್ಲ. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಪ್ರಸಂಗವೊಂದಿದೆ. ಅಗ್ನಿ ಕ್ಷಿಪಣಿಗಾಗಿ ರೂಪಿಸಿದ ಅತಿ ಹಗುರವಾದ ಇಂಗಾಲದ ವಸ್ತುವನ್ನು ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯ ಮೂಳೆತಜ್ಞರೊಬ್ಬರು ಪ್ರಯೋಗಾಲಯದಲ್ಲಿ ಕೈಗೆತ್ತಿ ನೋಡಿ, ಕಲಾಂ ಅವರನ್ನು ತಮ್ಮ ವಾರ್ಡಿಗೇ ಕರೆದೊಯ್ದರು. ಅಲ್ಲಿ ಪುಟ್ಟ ಮಕ್ಕಳು ಮೂರು ಕಿಲೋಗೂ ಹೆಚ್ಚು ತೂಕದ ಲೋಹದ ಕ್ಯಾಲಿಪರುಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆದಾಡುತ್ತಿದ್ದರು. ಮೂರು ವಾರಗಳಲ್ಲಿ ವಿಜ್ಞಾನಿಗಳು 300 ಗ್ರಾಂ ತೂಕದ ಕ್ಯಾಲಿಪರುಗಳನ್ನು ಮಾಡಿಕೊಟ್ಟರು. ಮಕ್ಕಳು ಓಡಾಡತೊಡಗಿದಾಗ ತಂದೆತಾಯಿಯರ ಕಣ್ಣು ತುಂಬಿದ್ದನ್ನು ಅವರು ತಮ್ಮ ಬಾಳಿನ ಮಹದಾನಂದಗಳಲ್ಲಿ ಒಂದೆಂದು ಎಣಿಸಿದ್ದರು. ಕ್ಷಿಪಣಿಯ ವಸ್ತುವಿನಲ್ಲಿ ಅದರ ಹೆಸರನ್ನಲ್ಲದೆ ಅದರ ಹಗುರತನವನ್ನು ಕಂಡ ಆ ವೈದ್ಯರ ಕಣ್ಣು ನಮಗೂ ಬೇಕು.

ಆದುದರಿಂದ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ವಸ್ತು ಹಗುರವಾದರೆ ಯಾರ ದೇಹದ ಭಾರ, ಯಾವ ಇಂಧನದ ವೆಚ್ಚ ಇಳಿಯುತ್ತದೆ? ಅದು ಏಟು ತಿನ್ನುವ ಜಾಗದಲ್ಲಿದೆಯೇ, ಎಳೆತ ತಾಳುವ ಜಾಗದಲ್ಲಿದೆಯೇ? ಚೌಕಳಿಯನ್ನು ಬಣ್ಣದಿಂದ ಮುಚ್ಚಿದರೂ ನಾವು ಅದೇ ಬೆಲೆ ಕೊಟ್ಟು ಕೊಳ್ಳುತ್ತೇವೆಯೇ? ಇಳಕಲ್ ಸೀರೆಯ ಕಸೂತಿ ಅಸಲಿಯೋ ಅಚ್ಚಿನದೋ ಎಂದು ಸೆರಗಿನ ಹಿಂಬದಿ ತಿರುವಿ ನೋಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಹೊಸದಲ್ಲ. ಸಮಿತಿಯಲ್ಲಿ ಕುಳಿತ ನಾವೇ ಅದನ್ನು ಮರೆತಿದ್ದೆವು.

ಈ ಪ್ರಶ್ನೆಗಳಿಗೆ ನಿಲ್ಲುವ ಒಂದು ಸಂಗತಿ ನಮ್ಮ ಕಣ್ಣೆದುರಿಗೇ ಇದೆ. ಆರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬರುವ ನಮ್ಮ ತಂದೆತಾಯಿಯರು ಸಂಘದ ಸಮಾರಂಭಗಳಿಗೆ ಬರಲು ಹಿಂಜರಿಯುವುದು ಮನಸ್ಸಿಲ್ಲದೆ ಅಲ್ಲ, ಕಾಲು ಸಾಗದೆ. ಬಾಡಿಗೆಯ ಸಭಾಂಗಣದ ಭಾರವಾದ ಗಾಲಿಕುರ್ಚಿಯನ್ನು ಮೆಟ್ಟಿಲು ದಾಟಿಸಲು ಇಬ್ಬರು ಬೇಕು. ಕಾರಿನ ಡಿಕ್ಕಿಗೆ ಎತ್ತಿಡುವುದು ಇನ್ನೂ ಕಷ್ಟ. ಈ ವರ್ಷ ಸ್ಮರಣಿಕೆಗಳಿಗೆಂದು ಮೀಸಲಿಟ್ಟ ಹಣದಲ್ಲಿ ಚನ್ನಪಟ್ಟಣದ ಬೊಂಬೆಗಳನ್ನು ತರಿಸಿ, ಉಳಿಯುವ ಮೊತ್ತಕ್ಕೆ ಸದಸ್ಯರ ದೇಣಿಗೆ ಸೇರಿಸಿ, ಸಂಘಕ್ಕೊಂದು ಹಗುರವಾದ ಮಡಚುವ ಗಾಲಿಕುರ್ಚಿಯನ್ನು ಕೊಳ್ಳಬೇಕೆಂಬುದು ನಮ್ಮ ಸಲಹೆ. ಹಾಲೆಮರದ ಆ ಬೊಂಬೆಗಳೂ ಹಗುರವೇ, ಮಗುವಿನ ಕೈಗೆ ತಕ್ಕಷ್ಟು. ಗಾಲಿಕುರ್ಚಿ ಕಾರ್ಬನ್ ಫೈಬರಿನದೇ ಆಗಬೇಕೆಂಬ ಹಟವಿಲ್ಲ. ಒಬ್ಬರೇ ಎತ್ತಿ ಕಾರಿಗೆ ಇಡುವಷ್ಟು ಹಗುರವಾಗಿ ಅಲ್ಯೂಮಿನಿಯಮ್ಮಿನಲ್ಲಿ ದೊರೆತರೆ ಅದೇ ಬರಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಸಲಹೆಯನ್ನು ಮಂಡಿಸಲಿದ್ದೇವೆ. ಸದಸ್ಯ ಕುಟುಂಬಗಳು ಅಷ್ಟರೊಳಗೆ ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಬೇಕಾಗಿ ವಿನಂತಿ.